ಸಾಲಿನ ಮೊದಲ ಗಾಡಿ

ಸಣ್ಣಸ್ವಾಮಿಯನ್ನು ನಾನು ಮೊದಲು ನೋಡಿದಾಗ ಅವನು ಕಾರು ತಳ್ಳುತ್ತಿದ್ದ. ಕುಶಾಲನಗರದ ಮಳೆಮರದ ಕೆಳಗಿನ ನಮ್ಮ ಟ್ಯಾಕ್ಸಿ ಸ್ಟ್ಯಾಂಡು, ಹಸಿರು ನಂಬರ್ ಪ್ಲೇಟಿನ ಹೊಸ ಎಲೆಕ್ಟ್ರಿಕ್ ಕಾರು, ನೆತ್ತಿ ಸುಡುವ ಬಿಸಿಲು. ಬಾಗಿಲು ತೆರೆದು, ಒಂದು ಕೈಯನ್ನು ಸ್ಟೀರಿಂಗಿಗೂ ಭುಜವನ್ನು ಬಾಗಿಲ ಕಂಬಕ್ಕೂ ಕೊಟ್ಟು ಒಬ್ಬನೇ ಏದುಸಿರು ಬಿಡುತ್ತಿದ್ದ. ಉಳಿದ ಮೂವರು ಡ್ರೈವರುಗಳು ಟೀ ಗ್ಲಾಸು ಹಿಡಿದು, ಮದುವೆಮನೆಯಲ್ಲಿ ಬೇರೆಯವರ ಮಗು ಅಳುವುದನ್ನು ನೋಡುವವರ ಹಾಗೆ ನೋಡುತ್ತಿದ್ದರು.

ನನಗೆ ತಕ್ಷಣ ಅರ್ಥವಾಯಿತು. ತಕ್ಷಣ ಅರ್ಥವಾಗುವುದು ನನ್ನ ಹಳೆಯ ಕಾಯಿಲೆ. ಬ್ಯಾಟರಿ ಖಾಲಿಯಾಗಿದೆ, ಪಾಪ. ಹತ್ತಿರ ಹೋಗಿ, ಕೈ ಹಚ್ಚುವ ಬದಲು ಉಪದೇಶ ಹಚ್ಚಿದೆ.

"ಹೊಸ ತಂತ್ರಜ್ಞಾನಕ್ಕೆ ಅವಸರ ಮಾಡಬಾರದು ಕಣ್ರೀ. ನಮ್ಮ ಏರು ತಗ್ಗಿಗೆ ಇದೆಲ್ಲ ಆಗಿಬರಲ್ಲ. ಚಾರ್ಜ್ ಮುಗೀತಾ?"

ಅವನು ತೋಳಿನಿಂದ ಮುಖ ಒರೆಸಿಕೊಂಡು ಹೇಳಿದ: "ಫುಲ್ ಅದೆ ಸಾ."

ಬಗ್ಗಿ ನೋಡಿದೆ. ಒಳಗಿನ ಪರದೆಯಲ್ಲಿ ಬ್ಯಾಟರಿ ಹಬ್ಬದೂಟ ಉಂಡವನ ಹಾಗೆ ತುಂಬಿಕೊಂಡಿತ್ತು.

"ಮತ್ತೆ ಯಾಕೆ ತಳ್ತಿದ್ದೀರಿ?"

"ಮುಂದ್ಗಡೆ ಗಾಡಿ ಹೋಯ್ತಲ್ಲ ಸಾ."

ಇದಕ್ಕಿಂತ ಸ್ಪಷ್ಟವಾದ ಉತ್ತರ ಲೋಕದಲ್ಲಿಲ್ಲ ಎಂಬಂತೆ ಹೇಳಿ ಮತ್ತೆ ಭುಜ ಕೊಟ್ಟ. ಹಾಗಾದರೆ ಜುಗ್ಗ, ಕರೆಂಟು ಉಳಿಸುತ್ತಿದ್ದಾನೆ ಎಂದು ಎರಡನೆಯ ತೀರ್ಪು ಕೊಟ್ಟೆ. ಎರಡೂ ತಪ್ಪು ಎಂದು ತಿಳಿಯಲು ಒಂದು ಇಡೀ ಮಳೆಗಾಲ, ಅವನ ಕಾರಿನಲ್ಲಿ ಹಲವು ಪ್ರಯಾಣ, ಅವನ ಹೆಂಡತಿ ಸೌಮ್ಯಳ ಕೈಯ ಒಂದೆರಡು ಲೋಟ ಕಾಫಿ ಬೇಕಾದವು.

ಆ ಸ್ಟ್ಯಾಂಡಿನ ಕಾನೂನು ಒಂದೇ. ಐದು ಕಾರು, ಒಂದರ ಹಿಂದೊಂದು. ಸಾಲಿನ ಮೊದಲ ಗಾಡಿಗೆ ಏನು ಬಂತೋ ಅದೇ ಬಾಡಿಗೆ. ತಲಕಾವೇರಿಗೆ ಹೊರಟ ಹೊಸ ಜೋಡಿ ಬಂದರೂ ಸರಿ, ಮೇಕೆ ಸಮೇತ ಬಂದ ಕುಡುಕ ಬಂದರೂ ಸರಿ. ಆರಿಸುವಂತಿಲ್ಲ, ಒಲ್ಲೆನ್ನುವಂತಿಲ್ಲ, ಹಿಂದಿನವನು ಮುಂದೆ ನುಗ್ಗುವಂತಿಲ್ಲ. ಮೊದಲ ಗಾಡಿ ಹೋದರೆ ಉಳಿದವು ಮುಂದೆ ಜರುಗಬೇಕು. ಜರುಗಲು ಯಾರೂ ಇಂಜಿನ್ ಶುರು ಮಾಡುವುದಿಲ್ಲ. ಇಳಿದು, ನ್ಯೂಟ್ರಲ್‌ಗೆ ಹಾಕಿ, ತಳ್ಳುತ್ತಾರೆ. ಹಿಂದಿನ ಗಾಡಿಯವನು ಮುಂದಿನವನ ಡಿಕ್ಕಿಗೆ ಕೈ ಕೊಡಬೇಕು. ಎಂದೋ ಡೀಸೆಲ್ ಉಳಿಸಲು ಶುರುವಾದದ್ದು ಈಗ ಮರ್ಯಾದೆಯಾಗಿದೆ. ಹಿಂದಿನಿಂದ ಬಿದ್ದ ಕೈ ಯಾರದ್ದೆಂದು ತಿರುಗಿ ನೋಡದೆ ಹೇಳಬಲ್ಲೆ ಎನ್ನುತ್ತಿದ್ದ ಸಣ್ಣಸ್ವಾಮಿ.

ಅವನ ಅಪ್ಪ ಅರಕಲಗೂಡು ಕಡೆಯಿಂದ ಬಂದು ಶಿರಂಗಾಲದಲ್ಲಿ ನೆಲೆಯಾದವರು. ಹೊಲದ ಶುಂಠಿಯನ್ನೂ ಜೋಳವನ್ನೂ ಅಣ್ಣ ನೋಡಿಕೊಳ್ಳುತ್ತಾನೆ, ತಮ್ಮ ಸ್ಟೀರಿಂಗ್ ಹಿಡಿದ. ಸ್ಟೀರಿಂಗ್ ಹಿಡಿಸಿದವನು ಶಶಿಕುಮಾರ. ಶಾಲೆಯಲ್ಲಿ ಒಂದೇ ಬೆಂಚಿನವರು. ಹಾರಂಗಿ ನಾಲೆಯ ಏರಿಯ ಮೇಲೆ, ಮಾವನ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು, ಕ್ಲಚ್ ಯಾವುದು ಬ್ರೇಕ್ ಯಾವುದು ಎಂದು ಇವನಿಗೆ ತೋರಿಸಿದ್ದು ಅವನೇ. ಈಗ ಶಶಿಕುಮಾರ ಸ್ಟ್ಯಾಂಡಿನ ಅಧ್ಯಕ್ಷ. ಐದು ಗಾಡಿಯ ಸ್ಟ್ಯಾಂಡಿಗೆ ಅಧ್ಯಕ್ಷ, ಉಪಾಧ್ಯಕ್ಷ, ಗೌರವಾಧ್ಯಕ್ಷ ಎಂದು ಮೂರು ಹುದ್ದೆ. ಉಳಿದ ಇಬ್ಬರು ಸಾರ್ವಜನಿಕರು. ಸಣ್ಣಸ್ವಾಮಿ ಸಾರ್ವಜನಿಕ.

ಆದರೆ ಸಾಲಿನ ಮೇಲೆ ಅವನಿಗಿದ್ದ ಭಕ್ತಿ ಅಧ್ಯಕ್ಷರಿಗೂ ಇರಲಿಲ್ಲ. ಸೌಮ್ಯ ಹೇಳಿದ ಕಥೆ ಇದು. ಮೊದಲ ಹೆರಿಗೆಯ ನೋವು ಕಾಣಿಸಿಕೊಂಡಾಗ ಅವಳು ಪೇಟೆಯಲ್ಲೇ ಇದ್ದಳಂತೆ. ಅತ್ತೆಯ ಜೊತೆ ಹೇಗೋ ಸ್ಟ್ಯಾಂಡು ತಲುಪಿದರೆ, ಗಂಡನ ಗಾಡಿ ಸಾಲಿನಲ್ಲಿ ಎರಡನೆಯದು. ಮೊದಲನೆಯದು ಅಶ್ವಥನದು.

"ಬಾ, ಕೂತ್ಕೊ ಅಂತ ತಮ್ ಕಾರಿನ್ ಬಾಗ್ಲು ತೆಗೀತಾರೆ ಅಂದ್ಕಂಡೆ ಸಾ. ಹೋಗಿ ಅಶ್ವಥಣ್ಣನ್ ಕಾರಿನ್ ಬಾಗ್ಲು ತೆಗುದ್ರು! 'ಅವನ್ದು ಮುಂದೆ ಅದೆ ಕಣೆ' ಅಂತ. ನನ್ನ ಆಸ್ಪತ್ರೆಗೆ ಕರ್ಕೊಂಡೋಗಿದ್ದು ಅಶ್ವಥಣ್ಣ. ಇವ್ರು ಹಿಂದೆ ಬಸ್ಸಲ್ಲಿ ಬಂದ್ರು."

"ಬಸ್ಸಲ್ಲಿ?"

"ಕಾರು ತಂದ್ರೆ ಲೈನಲ್ಲಿ ಜಾಗ ಹೋಯ್ತದಲ್ಲ!"

ಸಣ್ಣಸ್ವಾಮಿ ಗೋಡೆಯ ಕಡೆ ತಿರುಗಿ ನಕ್ಕ. ಇಂಥವನಿಗೆ ಮೋಸ ಮಾಡಲು ದೊಡ್ಡ ಬುದ್ಧಿಯೇನೂ ಬೇಕಾಗಿರಲಿಲ್ಲ. ಸಾಲನ್ನು ಅರ್ಧದಲ್ಲಿ ನಿಲ್ಲಿಸಿದರೆ ಸಾಕಿತ್ತು.

ಹಿಂದಿನ ವರ್ಷದ ಆಯುಧಪೂಜೆಯ ಕಥೆಯನ್ನು ಟೀ ಅಂಗಡಿಯಲ್ಲಿ ನಾನು ಮೂರ್ನಾಲ್ಕು ಬಾಯಿಂದ ಕೇಳಿದ್ದೇನೆ. ಎಲ್ಲರದೂ ಒಂದೇ ತೆರನಾಗಿರುವುದರಿಂದ ನಿಜವಿರಬೇಕು. ಆ ದಿನ ಕಾರುಗಳನ್ನು ತೊಳೆದು, ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಐದೂ ಗಾಡಿಯ ಕೀಗಳನ್ನು ಒಂದೇ ತಟ್ಟೆಯಲ್ಲಿಟ್ಟು ಒಂದೇ ಮಂಗಳಾರತಿ, ಒಂದೇ ಬೂದುಗುಂಬಳ. ಅವತ್ತು ಪೂಜೆಗೆ ತಿತಿಮತಿ ಹತ್ತಿರದ ಒಂದು ರೆಸಾರ್ಟಿನಿಂದ ಸುಮಿತಾ ಎಂಬುವರು ಬಂದಿದ್ದರು. ಹುದಿಕೇರಿ ಕಡೆಯ ಚುರುಕಾದ ಹೆಣ್ಣುಮಗಳು. ಹುದ್ದೆ 'ಅನುಭವ ನಿರ್ದೇಶಕಿ'. ಹಾಗೆಂದರೆ ಏನೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

"ಗೆಸ್ಟ್ಸ್ ನಮ್ಮಲ್ಲಿಗೆ ಬರೋದೇ ಒಳ್ಳೇ ಗಾಳಿಗೆ. ನಾವು ಅವರನ್ನ ಹೊಗೆ ಬಿಟ್ಕೊಂಡು ಕರ್ಕೊಂಡು ಹೋಗೋದು ಹೇಗೆ ಹೇಳಿ? ನಿಮ್ಮ ಸ್ಟ್ಯಾಂಡ್ ಪೂರ್ತಿ ಎಲೆಕ್ಟ್ರಿಕ್ ಆಗ್ಲಿ. ಇಲ್ಲೇ ಮರದ ಕೆಳಗೆ ಚಾರ್ಜಿಂಗ್ ಪಾಯಿಂಟ್ ನಾವು ಹಾಕಿಸ್ತೇವೆ. ನಮ್ಮ ಗೆಸ್ಟ್ಸ್ ಎಲ್ಲಾ ನಿಮ್ಮ ಲೈನಿಗೇ."

ಶಶಿಕುಮಾರನಿಗೆ ಮೈಕಿಲ್ಲದೆಯೇ ಮೈಕು ಸಿಕ್ಕ ಹಾಗಾಯಿತು. ಭೂಮಿತಾಯಿಗೆ ಜ್ವರ ಬಂದಿದೆ, ಹಿಮ ಕರಗುತ್ತಿದೆ, ಕಾವೇರಿ ಯೋಚಿಸುತ್ತಿದ್ದಾಳೆ ಎಂದೆಲ್ಲ ಹೇಳಿ, ಕೀಗಳ ತಟ್ಟೆಯ ಮೇಲೆ ಕೈಯಿಟ್ಟ. "ಬರೋ ಆಯುಧಪೂಜೆಗೆ ಈ ತಟ್ಟೇಲಿ ಒಂದೂ ಡೀಸೆಲ್ ಕೀ ಇರಬಾರ್ದು. ಏನಂತೀರಿ?" ಐವರೂ ಕೈಯಿಟ್ಟರು. ಪೂಜಾರಿ ಅಕ್ಷತೆ ಹಾಕಿದ.

"ಯಾರು ಫಸ್ಟ್?" ಎಂದು ಸುಮಿತಾ ಕೇಳಿದರು.

ಎಲ್ಲರ ಕಣ್ಣೂ ತಾನಾಗಿ ಸಾಲಿನ ಕಡೆ ತಿರುಗಿತು. ಹಾರ ಹಾಕಿಕೊಂಡು ಮೊದಲು ನಿಂತಿದ್ದದ್ದು ಸಣ್ಣಸ್ವಾಮಿಯ ಬಿಳಿ ಡೀಸೆಲ್ ಕಾರು.

"ನಂದೇ ಮುಂದಿರದು. ನಂದೇ ಮೊದ್ಲು," ಎಂದ ಸಣ್ಣಸ್ವಾಮಿ.

"ಆಮೇಲ್ ನಂದು," ಎಂದ ಹಿಂದಿನ ಗಾಡಿಯ ಅಶ್ವಥ.

ಮೈಲೇಜು, ಬಣ್ಣ, ಪಕ್ಕದ ಮನೆಯವರ ಹೊಟ್ಟೆಕಿಚ್ಚು, ಹೀಗೆ ಜನ ಕಾರು ಕೊಳ್ಳಲು ಏನೇನೋ ಕಾರಣಗಳಿವೆ. ಸಾಲಿನಲ್ಲಿ ಮುಂದೆ ನಿಂತಿದ್ದೆ ಎಂಬ ಕಾರಣಕ್ಕೆ ಕೊಂಡವನು ಇವನೊಬ್ಬನೇ ಇರಬೇಕು. ಬಂದ ಬಾಡಿಗೆ ಒಲ್ಲೆನ್ನುವಂತಿಲ್ಲ. ಭೂಮಿತಾಯಿಯೂ ಒಂದು ಬಾಡಿಗೆಯಾಗಿಯೇ ಬಂದಿದ್ದಳು.

ಹಳೆಯ ಕಾರಿಗೆ ಗಿರಾಕಿಯನ್ನು ಶಶಿಕುಮಾರನೇ ಹುಡುಕಿಕೊಟ್ಟ. ಹಾಸನದಲ್ಲಿ ಬಾಮೈದನ ಕಡೆಯವರಂತೆ. ಸಂಕ್ರಾಂತಿಯ ಹೊತ್ತಿಗೆ ಹೊಸ ಕಾರು ಶಿರಂಗಾಲದ ಮನೆಯಂಗಳದಲ್ಲಿ ನಿಂತಿತು. ಮೊದಲ ವಾರ ಮನೆಯಲ್ಲಿ ಸಣ್ಣ ಯುದ್ಧ. ಅಣ್ಣನ ಬೋರ್‌ವೆಲ್ ಮೋಟರು ಶುರುವಾದರೆ ವೋಲ್ಟೇಜ್ ಬಿದ್ದು ಕಾರು ಉಪವಾಸ, ಕಾರು ಊಟಕ್ಕೆ ಕೂತರೆ ಶುಂಠಿ ಉಪವಾಸ. ಸೌಮ್ಯ ನ್ಯಾಯ ಹೇಳಿದಳು: ಮೋಟರು ನಿಂತ ಮೇಲೆ ಕಾರು ಉಣ್ಣಲಿ, ಇಬ್ಬರೂ ಒಟ್ಟಿಗೆ ಪಂಕ್ತಿಯಲ್ಲಿ ಕೂರಬಾರದು. ಅಲ್ಲಿಂದ ಮುಂದೆ ತಕರಾರಿಲ್ಲ.

ಕಾರೆಂದರೆ ಅವನಿಗೆ ಬಲು ಇಷ್ಟ. ಒಮ್ಮೆ ಮಡಿಕೇರಿಗೆ ಹೋಗುವಾಗ ಹೇಳಿದ: "ಘಾಟಿ ಇಳೀವಾಗ ಚಾರ್ಜು ವಾಪಸ್ ಬತ್ತದೆ ಸಾ. ಡೀಸೆಲ್ ಯಾವತ್ತಾದ್ರೂ ವಾಪಸ್ ಬಂದದಾ? ಮತ್ತೆ ಸದ್ದೇ ಇಲ್ಲ. ಟೈರ್ ಸದ್ದು, ಹಕ್ಕಿ ಸದ್ದು, ಹಿಂದೆ ಕೂತೋರು ಪಿಸಿಪಿಸಿ ಅನ್ನದು, ಎಲ್ಲಾ ಕೇಳ್ತದೆ. ಡ್ರೈವರ್ ಬಗ್ಗೆ ಜನ ಏನೇನ್ ಮಾತಾಡ್ತಾರೆ ಅಂತ ಈಗ್ ಗೊತ್ತಾಯ್ತು."

"ಏನ್ ಮಾತಾಡ್ತಾರೆ?"

"ಬಿಡಿ ಸಾ. ನಿಮ್ಮನೆಯವ್ರೂ ಮಾತಾಡಿದ್ರು."

ಆ ಕಾರು ಅವನಿಗೆ ಒಂದು ದಿನವೂ ಕೈಕೊಡಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಈ ಕಥೆಯಲ್ಲಿ ಕೊಟ್ಟ ಮಾತಿನಂತೆ ನಡೆದುಕೊಂಡ ಎರಡನೆಯ ಪಾತ್ರ ಅದೇ.

ಸಾಲು ಮಾತ್ರ ಮುಂದೆ ಹೋಗಲಿಲ್ಲ. ಮುಂದಿನ ಸರದಿ ಅಶ್ವಥನದು. ಅವನು ಮೊದಲು ಶಿವರಾತ್ರಿ ಕಳೆಯಲಿ ಎಂದ. ಆಮೇಲೆ ಮಳೆಗಾಲ ನೋಡೋಣ, ನೀರೂ ಕರೆಂಟೂ ಒಟ್ಟಿಗೆ ಬೇಡ ಎಂದ. ಉಪಾಧ್ಯಕ್ಷನ ಅತ್ತೆಗೆ ಕೆಟ್ಟ ಕನಸು ಬಿತ್ತು. ಕನಸಿನಲ್ಲಿ ಕಾರಿಗೆ ಬಾಲವಿತ್ತಂತೆ. ಅಧ್ಯಕ್ಷರು ಇನ್ನೂ ಒಳ್ಳೆಯ ಮಾಡೆಲ್ಲಿಗೆ ಕಾಯುತ್ತಿದ್ದರು. ಎಲ್ಲರೂ ಒಳಗೊಳಗೇ ಕಾಯುತ್ತಿದ್ದದ್ದು ಸಣ್ಣಸ್ವಾಮಿಯ ಕಾರು ಯಾವಾಗ ಕೆಡುತ್ತದೆ ಎಂದು. ಅದು ಕೆಡದೆ ಅವರಿಗೆ ಮುಜುಗರವಾಗತೊಡಗಿತು.

ಮರದ ಕೆಳಗಿನ ಚಾರ್ಜಿಂಗ್ ಪಾಯಿಂಟಿಗೆ ಒಂದು ಗುಂಡಿ ತೋಡಿದ್ದರು. ಅದರಲ್ಲಿ ಟೀ ಅಂಗಡಿಯವನು ಗ್ಲಾಸು ತೊಳೆದ ನೀರು ಚೆಲ್ಲುತ್ತಿದ್ದ. ಹೀಗಾಗಿ ಸಣ್ಣಸ್ವಾಮಿ ಒಮ್ಮೊಮ್ಮೆ ಊರಾಚೆಯ ಚಾರ್ಜಿಂಗ್ ಜಾಗಕ್ಕೆ ಹೋಗಿಬರಬೇಕಾಗುತ್ತಿತ್ತು. ಕೂಡಲೇ ಅಧ್ಯಕ್ಷರು ಸಭೆ ಕರೆದು ತೀರ್ಮಾನಿಸಿದರು: ಬಾಡಿಗೆಯಿಲ್ಲದೆ ಸಾಲು ಬಿಟ್ಟು ಹೋದವನು ಬಂದು ಕೊನೆಯಲ್ಲಿ ನಿಲ್ಲತಕ್ಕದ್ದು. ಸಣ್ಣಸ್ವಾಮಿ ಒಪ್ಪಿಕೊಂಡ. ಕಾನೂನಲ್ಲವೇ.

ಆಮೇಲೆ ಒಂದು ದಿನ ಮೊದಲ ಗಾಡಿ ಹೊರಟಿತು. ಇವನು ಎಂದಿನಂತೆ ಇಳಿದು ನ್ಯೂಟ್ರಲ್‌ಗೆ ಹಾಕಿ, ಹಿಂದಿನಿಂದ ಕೈ ಬೀಳಲಿ ಎಂದು ಕಾದ. ಬೀಳಲಿಲ್ಲ.

"ಅಶ್ವಥ, ಕೈ ಹಾಕ್ಲಾ."

"ನಿಂದೇನ್ ಡೀಸೆಲ್ ಕುಡಿತದಾ ಸಣ್ಣಣ್ಣ? ಗುಂಡಿ ಒತ್ತು, ಹೋಯ್ತದೆ."

"ಲೈನಲ್ವೇನ್ಲಾ."

"ಬ್ಯಾಟ್ರಿ ಸಿಕ್ಕಾಪಟ್ಟೆ ತೂಕ ಕಣಣ್ಣ. ನನ್ ಸೊಂಟಕ್ಕೆ ಚಾರ್ಜು ಯಾರು ಮಾಡ್ತಾರೆ?"

ಎಲ್ಲರೂ ನಕ್ಕರು. ಸಣ್ಣಸ್ವಾಮಿಯೂ ನಕ್ಕ. ನಕ್ಕು, ಒಬ್ಬನೇ ತಳ್ಳಿದ. ಮರುದಿನ ಎಂದಿನಂತೆ ಮುಂದಿನ ಗಾಡಿಯ ಡಿಕ್ಕಿಗೂ ಕೈ ಕೊಟ್ಟ. ಮುಂದಿನವನು ಬೇಡ ಎನ್ನಲಿಲ್ಲ.

ನಾನು ಮೊದಲ ಸಲ ಅವನನ್ನು ಕಂಡು ಉಪದೇಶ ಮಾಡಿದ್ದು ಈ ಹೊತ್ತಿನಲ್ಲಿ. ಬ್ಯಾಟರಿ ತುಂಬಿದ, ಗುಂಡಿ ಒತ್ತಿದರೆ ಸರ್ರನೆ ಹೋಗುವ ಕಾರನ್ನು ಯಾಕೆ ತಳ್ಳುತ್ತಿದ್ದ ಎಂದು ಮಳೆಗಾಲ ಮುಗಿಯುವ ಹೊತ್ತಿಗೆ ಅವನೇ ಬಾಯಿ ಬಿಟ್ಟ.

"ನಾನು ಕೂತ್ಕಂಡು ಮುಂದಕ್ಕೋದ್ರೆ, ಇವ್ನು ಬೇರೆ ಆದ ಅಂತಾರೆ ಸಾ. ಈಗ ನಗ್ತಾರೆ, ನಗ್ಲಿ. ಅವ್ರೂ ಒಂದಿನ ತಗಂತಾರೆ, ತಟ್ಟೆ ಮೇಲೆ ಕೈ ಇಟ್ಟವ್ರೆ. ಅಲ್ಲೀಗಂಟ ನಾನು ಲೈನಲ್ಲಿ ಇರ್ಬೇಕಲ್ಲ."

ಕಾರು, ಕಂತು, ಚಾರ್ಜು ಯಾವುದರ ಚಿಂತೆಯೂ ಅವನಿಗಿರಲಿಲ್ಲ. ಆ ಮರದ ಕೆಳಗೆ ತಾನು ಐವರಲ್ಲೊಬ್ಬನಾಗಿ ಉಳಿಯಬೇಕು, ಅಷ್ಟೇ.

ಆ ನಡುವೆ ಅವನ ಹಳೆಯ ಬಿಳಿ ಕಾರು ಹಾಸನಕ್ಕೆ ಹೋದ ಹಾಗೇ ತಿರುಗಿ ಬಂದಿತ್ತು. ಹೊಸ ಸೀಟ್ ಕವರು ತೊಟ್ಟು ಒಂದು ಬೆಳಿಗ್ಗೆ ಇದೇ ಸಾಲಿನಲ್ಲಿ ನಿಂತಿತು. "ಬಾಮೈದನ್ ಕಡೆಯೋರ್ಗೆ ಬೇಡಾಯ್ತಂತೆ, ನನ್ ತಲೆಗೇ ಬಿತ್ತು ಕಣೋ," ಎಂದ ಶಶಿಕುಮಾರ. ಅದಕ್ಕೆ ಡ್ರೈವರಾಗಿ ಅಶ್ವಥನೇ ಸೇರಿಕೊಂಡ. ಅವನ ಸ್ವಂತ ಗಾಡಿ ಗುಜರಿ ಸೇರಿತ್ತು. ಎರಡನೆಯ ಎಲೆಕ್ಟ್ರಿಕ್ ಕಾರು ಕೊಳ್ಳಬೇಕಿದ್ದವನು ಮೊದಲನೆಯವನ ಡೀಸೆಲ್ ಕಾರು ಓಡಿಸತೊಡಗಿದ. ಸಣ್ಣಸ್ವಾಮಿ ಅದರ ಡಿಕ್ಕಿಗೂ ಕೈ ಕೊಟ್ಟು ತಳ್ಳುತ್ತಿದ್ದ. ಡಿಕ್ಕಿಯ ಬಲಗಡೆಯ ತಗ್ಗು ಹಿಂದೊಮ್ಮೆ ಹಲಸಿನಕಾಯಿ ಬಿದ್ದು ಆದದ್ದು. ಅವನ ಅಂಗೈಗೆ ಅದು ಸರಿಯಾಗಿ ಕೂರುತ್ತಿತ್ತು.

ದಸರೆ ಹತ್ತಿರ ಬಂದಾಗ ರೆಸಾರ್ಟಿನಲ್ಲಿ 'ಹೊಗೆಯಿಲ್ಲದ ಹಾದಿ' ಎಂಬ ಸಮಾರಂಭ. ಮುಖ್ಯ ಅತಿಥಿ ನಾನು. ಸಂಜೆಯ ಹೊತ್ತು ಪುರುಸೊತ್ತಿರುವ, ಶಾಲಿಗೆ ಒಲಿಯುವ ಸಾಹಿತಿ ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬನೇ. 'ಹೊಗೆರಹಿತ ವಾಹನ ಕಳಿಸುತ್ತೇವೆ' ಎಂದಿದ್ದರು. ಸಣ್ಣಸ್ವಾಮಿ ಬರುತ್ತಾನೆಂದು ಗೇಟಿನಲ್ಲಿ ನಿಂತಿದ್ದರೆ ಬಂದದ್ದು ಅಶ್ವಥ, ಬಿಳಿ ಕಾರು. ಅವನು ಇಳಿದು ನಮಸ್ಕಾರ ಹೇಳಿ, ಡಿಕ್ಕಿಯಿಂದ ಎರಡು ದೊಡ್ಡ ಹಸಿರು ಎಲೆಗಳನ್ನು ತೆಗೆದ. ಅಯಸ್ಕಾಂತದ ಹಾಳೆಯಲ್ಲಿ ಕತ್ತರಿಸಿದ ಎಲೆಗಳು. ಆಚೆ ಬಾಗಿಲಿಗೊಂದು, ಈಚೆ ಬಾಗಿಲಿಗೊಂದು ಟಪ್ ಟಪ್ ಎಂದು ಅಂಟಿಸಿದ. ಎಲೆಯ ಮೇಲೆ 'ಹೊಗೆರಹಿತ ಪಯಣ' ಎಂದಿತ್ತು. ಕೀ ತಿರುಗಿಸಿದಾಗ ಎದ್ದ ಕರಿ ಹೊಗೆಯಲ್ಲಿ ಗೇಟಿನಲ್ಲಿ ನಿಂತಿದ್ದ ನನ್ನ ಹೆಂಡತಿ ಕಾಣೆಯಾದಳು.

"ಇದೇನಪ್ಪಾ ಅಶ್ವಥ?"

"ಹೈಬ್ರಿಡ್ಡು ಸಾ."

"ಯಾವುದರದ್ದು ಯಾವುದರದ್ದು?"

"ಡೀಸೆಲ್‌ದೂ ಸ್ಟಿಕ್ಕರ್‌ದೂ."

ಮಾಲ್ದಾರೆಯ ಕಾಡು ದಾಟುವಷ್ಟರಲ್ಲಿ ಅವನು ಉಳಿದದ್ದನ್ನೂ ಹೇಳಿದ. ಹೇಳಿದರೆ ಹಗುರವಾಗುತ್ತದೆಂದು ಹೇಳಿದನೋ, ನಾನು ಹೇಗೂ ಯಾರಿಗೂ ಹೇಳುವುದಿಲ್ಲವೆಂದು ತಪ್ಪು ತಿಳಿದನೋ. ಯುಗಾದಿಯಿಂದ ರೆಸಾರ್ಟಿನ ಅತಿಥಿಗಳೆಲ್ಲ ಇವರ ಗಾಡಿಗಳಲ್ಲೇ ಹೋಗುತ್ತಿದ್ದರು. ಬಾಡಿಗೆ ಸಾಲಿಗೆ ಬರುತ್ತಿರಲಿಲ್ಲ, ಅಧ್ಯಕ್ಷರ ಫೋನಿಗೆ ಬರುತ್ತಿತ್ತು. ಎಲೆ ಅಂಟಿಸಿಕೊಂಡು ಹೊರಡಲು ಅವರು ಒಬ್ಬೊಬ್ಬರನ್ನೇ ಮೆಲ್ಲಗೆ ಬೇರೆ ಬೀದಿಗೆ ಕಳಿಸುತ್ತಿದ್ದರು. ನಾಲ್ಕೂ ಗಾಡಿಯ ಡಿಕ್ಕಿಯಲ್ಲಿ ಎಲೆಗಳಿದ್ದವು. ಸಣ್ಣಸ್ವಾಮಿಗೆ ಮಾತ್ರ ಎಲೆಯೂ ಇಲ್ಲ, ಅತಿಥಿಯೂ ಇಲ್ಲ.

"ನಿಜವಾದ ಕರೆಂಟ್ ಕಾರು ಅವನದೊಂದೇ ಅಲ್ಲವೇನಯ್ಯಾ?"

"ಅದ್ಕೇ ಸಾ. ಅವ್ನು ಹೋದ್ರೆ ಗೆಸ್ಟು 'ಓ, ಉಳಿದವು ಯಾಕೆ ಹಿಂಗಿಲ್ಲ' ಅಂತಾರೆ. ಕಂಪೇರ್ ಆಯ್ತದೆ."

ರೆಸಾರ್ಟಿನ ಹುಲ್ಲುಹಾಸಿನ ಮೇಲೆ, ರಿಬ್ಬನ್ ಕಟ್ಟಿದ ಆವರಣದೊಳಗೆ, ಹಾರ ಹಾಕಿಸಿಕೊಂಡು ಸಣ್ಣಸ್ವಾಮಿಯ ಕಾರು ನಿಂತಿತ್ತು. ಮುಂದೆ ಫಲಕ: 'ನಮ್ಮ ವಾಹನ ಬಳಗ'. ಬಳಗದಲ್ಲಿ ಒಂದೇ ಕಾರು. ಅತಿಥಿಗಳು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇವತ್ತಿನಿಂದ ನಿನ್ನ ಓಡಾಟ ಶುರು ಎಂದು ಶಶಿಕುಮಾರ ಕರೆಸಿದ್ದನಂತೆ. ಸಣ್ಣಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರದಲ್ಲಿ ಮದುಮಗನಂತೆ ಕಾಯುತ್ತಿದ್ದ.

ನಾನು ಇಳಿದ ಕಾರನ್ನು ಅವನು ನೋಡಿದ. ಬಾಗಿಲಿನ ಎಲೆ ನೋಡಿದ. ಬಂದು ಉಗುರಿನಿಂದ ಅಂಚು ಎತ್ತಿದ. ಅದು ಕೈಗೇ ಬಂತು. ಅಂಟಿಸಿ ಕಿತ್ತು, ಅಂಟಿಸಿ ಕಿತ್ತು ಅದರ ಅಂಚುಗಳು ಸವೆದು ಸುರುಟಿದ್ದವು, ಅಕ್ಷರಗಳು ಬಿಸಿಲಿಗೆ ಮಾಸಿದ್ದವು. ಎಷ್ಟು ಕಾಲದಿಂದ ಎಂದು ಕೇಳುವ ಅಗತ್ಯ ಬೀಳಲಿಲ್ಲ.

'ಹಸಿರು ಸಾರಥಿ' ಎಂಬ ಬಿರುದಿನ ಪಟ್ಟಿ ತೊಟ್ಟು ಶಶಿಕುಮಾರ ವೇದಿಕೆಯ ಕಡೆ ಹೊರಟಿದ್ದ. ಸಣ್ಣಸ್ವಾಮಿ ಎಲೆ ಹಿಡಿದುಕೊಂಡೇ ಅಡ್ಡ ನಿಂತ.

"ಶಶಿ. ತಟ್ಟೆ ಮೇಲೆ ಕೈ ಇಟ್ಟಿದ್ದೆ."

"ಇಟ್ಟಿದ್ದೆ ಕಣೋ. ಯಾರ್ ಇಲ್ಲ ಅಂದ್ರು? ಸ್ಟ್ಯಾಂಡಿಗೆ ಒಂದು ಆಯ್ತಲ್ಲ, ನಿಂದು. ರೆಸಾರ್ಟಿನೋರ್ಗೂ ಹಸಿರು ಸರ್ಟಿಫಿಕೇಟಿಗೆ ಒಂದು ಸಾಕಿತ್ತು. ಎಲ್ಲಾರೂ ಯಾಕ್ ಮೈಮೇಲೆ ಹಾಕ್ಕೋಬೇಕು ಹೇಳು?"

"ಲೈನು ಮುಂದಕ್ಕೆ ಯಾಕ್ ಹೋಗ್ಲಿಲ್ಲ, ಅದ್ನ ಹೇಳು."

"ಅಯ್ಯೋ ಸಣ್ಣ, ಲೈನು ಅನ್ನದು ಬಾಡಿಗೆಗೆ ಕಣೋ. ಎಲ್ಲಾದ್ಕೂ ಲೈನು ಹಿಡ್ಕಂಡ್ ನಿಂತೋನು ನೀನೊಬ್ನೇ."

"ಬಾಡಿಗೆಗೂ ಇರ್ಲಿಲ್ವಲ್ಲೋ."

ಸುಮಿತಾ ನಡುವೆ ಬಂದರು. "ಸರ್, ಪ್ಲೀಸ್, ಗೆಸ್ಟ್ಸ್ ನೋಡ್ತಿದ್ದಾರೆ. ಇದು ಟ್ರಾನ್ಸಿಷನ್ ಫೇಸ್, ಆಯ್ತಲ್ಲಾ? ಹಂತಹಂತವಾಗಿ ಎಲ್ಲಾ ಸರಿಹೋಗ್ತದೆ. ಆ ಎಲೆ ಸ್ವಲ್ಪ ವಾಪಸ್ ಕೊಡ್ತೀರಾ?"

ಅವನು ಎಲೆಯನ್ನು ಅವರ ಕೈಗೆ ಕೊಟ್ಟ. ಹಾರವನ್ನೂ ಕಾರಿನಿಂದ ತೆಗೆದು ಕೊಟ್ಟ. ಆಮೇಲೆ ಸಮಾರಂಭ ಸುಸೂತ್ರವಾಗಿ ನಡೆಯಿತು. ನಾನು ಶಾಲು ಹೊದ್ದು, ಹೊಗೆಯ ಬಗ್ಗೆ ಒಂದು ಜೋಕು ಹೇಳಿದೆ. ಹೊಗೆ ಬಿಟ್ಟವರೇ ಜೋರಾಗಿ ನಕ್ಕರು.

ವಾಪಸ್ಸು ಸಣ್ಣಸ್ವಾಮಿಯ ಕಾರಿನಲ್ಲಿ ಬಂದೆ. ಸದ್ದಿಲ್ಲದ ಕಾರಿನಲ್ಲಿ ಮಾತಾಡದ ಮನುಷ್ಯನ ಪಕ್ಕ ಕೂರುವುದು ಬಲು ಕಷ್ಟ, ನಮ್ಮ ಉಸಿರೇ ನಮಗೆ ಅಧಿಕಪ್ರಸಂಗ ಎನಿಸುತ್ತದೆ. ಸಿದ್ದಾಪುರ ದಾಟಿದ ಮೇಲೆ ಒಂದೇ ಮಾತು ಹೇಳಿದ.

"ನಂಗೆ ಗಾಡಿ ಕಲ್ಸಿದ್ದು ಅವ್ನೇ ಸಾ. ಟ್ರ್ಯಾಕ್ಟರ್ ನಾಲೆಗೆ ಇಳೀತಿತ್ತು, ಕೈ ಹಿಡ್ಕಂಡಿದ್ದ."

ಮರುದಿನವೂ ಅವನು ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಅದರ ಮರುದಿನವೂ. ಜಗಳವಾಡಲಿಲ್ಲ. ಆಯುಧಪೂಜೆಗೆ ಕಾಯುತ್ತಿದ್ದಾನೆಂದು ನನಗೆ ಹೊಳೆಯಲಿಲ್ಲ. ಈ ಸಲ ತಕ್ಷಣ ಅರ್ಥವಾಗಲಿಲ್ಲ ನೋಡಿ.

ಪೂಜೆಯ ದಿನ ಪುರಿ ಕಡಲೆಯ ಆಸೆಗೆ ನಾನೂ ಹೋದೆ. ವಿಧಿಯಾಟವೋ, ಬಾಡಿಗೆಗಳ ಆಟವೋ, ಅಂದೂ ಸಾಲಿನ ಮೊದಲ ಗಾಡಿ ಸಣ್ಣಸ್ವಾಮಿಯದೇ. ಹಾರ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ದ. ಶಶಿಕುಮಾರ ಕೀಗಳ ತಟ್ಟೆ ಹಿಡಿದು ಬಂದ. ನಾಲ್ಕು ಕೀ ಇದ್ದವು, ನಾಲ್ಕೂ ಡೀಸೆಲ್ಲಿನವು. ಅದರಲ್ಲೊಂದು ಸಣ್ಣಸ್ವಾಮಿಯದೇ ಹಳೆಯ ಕೀ. ಸೌಮ್ಯ ಕಟ್ಟಿದ್ದ ಕೆಂಪು ದಾರ ಇನ್ನೂ ಅದರಲ್ಲಿತ್ತು.

"ಹಾಕ್ಲಾ ಸಣ್ಣ. ಹೊತ್ತಾಯ್ತದೆ."

ಸಣ್ಣಸ್ವಾಮಿ ತಟ್ಟೆಯನ್ನೇ ನೋಡಿದ. "ಹೋದ್ ವರ್ಷ ಇದ್ರ ಮೇಲೆ ಏನಂದಿದ್ದೆ?"

"ಹಬ್ಬದ್ ದಿನ ಬೇಡ ಕಣೋ. ಮಾತಿಗ್ ಹೇಳಿದ್ದನ್ನೆಲ್ಲ ಎತ್ಕೊಂಡ್ ಕೂತ್ರೆ ಆಯ್ತದಾ?"

"ಮಾತಿಗ್ ಹೇಳಿದ್ದಾ?"

"ಮತ್ತಿನ್ನೇನು?"

ಸಣ್ಣಸ್ವಾಮಿ ತಲೆಯಾಡಿಸಿದ. ಕೀ ಹಾಕಲಿಲ್ಲ. ಪೂಜಾರಿ ಕರ್ಪೂರ ಹಚ್ಚಿ ಗಂಟೆ ಬಾರಿಸಿದ. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದೆವು. ಕಣ್ಣು ಬಿಟ್ಟಾಗ ಸಾಲಿನ ಮುಂದುಗಡೆ ಖಾಲಿ ಜಾಗ, ಅದರಲ್ಲಿ ಅಪ್ಪಚ್ಚಿಯಾದ ನಾಲ್ಕು ನಿಂಬೆಹಣ್ಣು. ಯಾವ ಸದ್ದೂ ಆಗಿರಲಿಲ್ಲ. ಡೀಸೆಲ್ ಗಾಡಿಯಾಗಿದ್ದರೆ ಮುನಿಸಿಕೊಂಡು ಹೋಗುವವನಿಗೆ ಒಂದು ಗುಡುಗಾದರೂ ಸಿಗುತ್ತಿತ್ತು. ಪಾಪ, ಅದೂ ಇಲ್ಲ.

"ಹೋದ್ನಾ?" ಎಂದ ಅಶ್ವಥ.

"ಬತ್ತಾನೆ ಬಿಡು," ಎಂದ ಶಶಿಕುಮಾರ. ಅವನ ಕೈಯ ತಟ್ಟೆ ಸ್ವಲ್ಪ ವಾಲಿ ಕೀಗಳು ಒಂದು ಬದಿಗೆ ಜಾರಿದವು. ಯಾರೋ ಅಭ್ಯಾಸಬಲದಿಂದ ಗಾಡಿಗೆ ಕೈ ಹಾಕಿದರು. ಎಲ್ಲರೂ ಸೇರಿ ತಳ್ಳಿ ಆ ಖಾಲಿ ಜಾಗ ತುಂಬಿಸಿದರು.

ಅವನು ಬರಲಿಲ್ಲ. ಹೆರಿಗೆಗೂ ಬಿಡದ ಲೈನು ಬಿಟ್ಟುಬಂದ ಗಂಡನ ತಟ್ಟೆಗೆ ಸೌಮ್ಯ ಅಂದು ಇನ್ನೊಂದು ಹೋಳಿಗೆ ಹಾಕಿದಳಂತೆ.

ಹಬ್ಬ ಕಳೆದ ಮೇಲೆ ನೋಡಿದರೆ ಸಣ್ಣಸ್ವಾಮಿ ರಸ್ತೆಯಾಚೆ, ಹಾಲಿನ ಡೈರಿಯ ಮುಂದೆ ನಿಂತಿದ್ದ. ಹಿಂದೆ ಮುಂದೆ ಯಾರೂ ಇಲ್ಲದ, ಒಂದೇ ಗಾಡಿಯ ಸಾಲು. ಎದುರಿನ ಮಳೆಮರದ ಕಡೆಗೆ ಬೆನ್ನು ಮಾಡಿ ಕಾರು ನಿಲ್ಲಿಸಿದ್ದ. ಮಡಿಕೇರಿಗೆ ಹೋಗಬೇಕಿತ್ತು, ಅವನಲ್ಲಿಗೇ ಹೋದೆ. ನಾನು ಹತ್ತಿರ ಬರುವಷ್ಟರಲ್ಲಿ ಡೈರಿಗೆ ಹಾಲಿನ ವ್ಯಾನು ಬಂತು, ಇವನ ಗಾಡಿ ನಾಲ್ಕು ಮಾರು ಮುಂದೆ ಸರಿಯಬೇಕಾಯಿತು. ಅವನು ಬಾಗಿಲು ತೆರೆದ. ಭುಜ ಕೊಡುತ್ತಾನೆಂದು ನಾನು ಕಾದೆ, ಈ ಸಲ ಕೈ ಹಾಕೋಣವೆಂದು ಡಿಕ್ಕಿಯ ಹತ್ತಿರವೂ ಹೋದೆ. ಅವನು ಒಳಗೆ ಕೂತು, ಬಾಗಿಲು ಹಾಕಿಕೊಂಡು, ನಾಲ್ಕು ಮಾರು ಓಡಿಸಿ ನಿಲ್ಲಿಸಿದ.

ನಾನು ಗಾಳಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಕಿಟಕಿಯ ಬಳಿ ಬಗ್ಗಿ ಕೇಳಿದೆ:

"ಏನ್ರೀ ಸಣ್ಣಸ್ವಾಮಿ, ಇವತ್ತು ತಳ್ಳಲ್ವಾ?"

ಅವನು ಮೊದಲ ದಿನ ನೋಡಿದ ಹಾಗೆಯೇ ನನ್ನನ್ನು ನೋಡಿದ.

"ಯಾಕ್ ಸಾ ತಳ್ಳದು? ಕಾರು ತಾನೇ ಓಡ್ತದೆ."